ಸಿಂಕಿನಡಿ ಹಸಿಕಸ ಅರೆದು ನೀರಿನೊಂದಿಗೆ ಪೈಪಿಗೆ ಬಿಡುವ ಡಿಸ್ಪೋಸರ್ ತಿಂಗಳಿಗೊಮ್ಮೆ ಬ್ಲಾಕ್ ಆಗುತ್ತಿದೆ, ಪೈಪಿಗೆ ಯಾವ ಆ್ಯಸಿಡ್ ಸುರಿಯಬೇಕು?

ಯಾವುದನ್ನೂ ಸುರಿಯಬೇಡಿ. ಕಾಸರಗೋಡಿನಲ್ಲಿ ಹೊಸ ಮನೆ, ಸಿಂಕಿನಡಿ ಡಿಸ್ಪೋಸರ್, ಅರೆದ ನೀರು ವಾಪಸ್ ಮೇಲೆ ಬರುವುದು: ನೀವು ಬರೆದದ್ದನ್ನು ಓದುವಾಗ ನಮ್ಮ ಅಡಿಗೆಮನೆಯೇ ಕಣ್ಣೆದುರು ಬಂತು.

ನನ್ನಿಂದ ಆದ ತಪ್ಪು ಒಂದೇ. ಗಡಗಡ ಸದ್ದು ಹೋಗಿ ಮೋಟರು ಬರಿದೇ ತಿರುಗುವುದು ಕೇಳಿದ ಕೂಡಲೇ ನಳ್ಳಿ ಬಂದ್ ಮಾಡುತ್ತಿದ್ದೆ. ಆ ಹೊತ್ತಿಗೆ ಮುಗಿದಿರುವುದು ಯಂತ್ರದ ಕೆಲಸ ಮಾತ್ರ, ಅರೆದದ್ದೆಲ್ಲ ಪೈಪಿನಲ್ಲೇ ಇರುತ್ತದೆ. ಲೆಕ್ಕ ಹಾಕಿ ನೋಡಿ. ಒಂದೂವರೆ ಇಂಚಿನ ಪೈಪು ಮೀಟರಿಗೆ ಸುಮಾರು 1.1 ಲೀಟರ್ ಹಿಡಿಯುತ್ತದೆ. ಸಿಂಕಿನಿಂದ ಹೊರಗಿನ ಚೇಂಬರಿಗೆ 3 ಮೀಟರ್ ಇದ್ದರೆ 3.4 ಲೀಟರ್. ನಳ್ಳಿ ನಿಮಿಷಕ್ಕೆ 8 ಲೀಟರ್ ಕೊಟ್ಟರೆ ಅಷ್ಟನ್ನು ದಾಟಿಸಲು 25 ಸೆಕೆಂಡು ಬೇಕು. ನಮ್ಮ ನಳ್ಳಿಯ ತುದಿಯಲ್ಲಿ ನೊರೆ ಬರಿಸುವ ಜಾಲರಿ ಇತ್ತು, ನಿಮಿಷಕ್ಕೆ 4 ಲೀಟರೂ ಬರುತ್ತಿರಲಿಲ್ಲ. ನಾನು ಬಿಡುತ್ತಿದ್ದದ್ದು ಐದು ಸೆಕೆಂಡು, ಅಂದರೆ ಒಂದೂವರೆ ಲೋಟ ನೀರು. ಕುಚ್ಚಲಕ್ಕಿ ಅನ್ನದ ಹಿಟ್ಟು ಪೈಪಿನ ಅಡಿಯಲ್ಲಿ ಕೂತು, ರಾತ್ರಿ ಕಳೆಯುವಾಗ ಗೋಂದಿನಂತಾಗಿ, ಮರುದಿನದ್ದನ್ನೂ ಹಿಡಿದುಕೊಳ್ಳುತ್ತಿತ್ತು.

ಅದರ ಮೇಲೆ ನಮ್ಮಲ್ಲಿದ್ದದ್ದು ಬಿಳಿ ಪ್ಲಾಸ್ಟಿಕ್ಕಿನ ಸುಕ್ಕು ಪೈಪು. ಬಿಚ್ಚಿ ಬಕೆಟಿಗೆ ಬಗ್ಗಿಸಿದಾಗ ಒಂದೊಂದು ಸುಕ್ಕಿನೊಳಗೂ ಬೂದು ಬಣ್ಣದ ಉಂಗುರ, ಅದರೊಳಗೆ ಬಾಳೆದಿಂಡಿನ ನೂಲು. ಉಗುರಿನಲ್ಲಿ ಎಳೆದರೆ ಗೇಣುದ್ದ ಬರುತ್ತಿತ್ತು. ನಿಮ್ಮಲ್ಲೂ ಆ ಪೈಪು ಅಥವಾ ಬಾಟಲ್ ಟ್ರ್ಯಾಪ್ (ಸಿಂಕಿನಡಿ ನೀರು ನಿಲ್ಲುವ ಬಾಟಲಿಯಂಥ ಡಬ್ಬಿ) ಇದ್ದರೆ ಇವತ್ತೇ ತೆಗೆಸಿ. ಒಳಗೆ ನುಣುಪಾದ ಗಟ್ಟಿ ಪಿವಿಸಿ ಪೈಪು, ಪಿ-ಟ್ರ್ಯಾಪ್ (ವಾಸನೆ ತಡೆಯಲು ನೀರು ನಿಲ್ಲುವ ಬಾಗಿದ ಪೈಪು), ಹೊರಗಿನವರೆಗೂ ಮೀಟರಿಗೆ 2 ಸೆಂಟಿಮೀಟರಿನಷ್ಟು ಇಳಿಜಾರು. ಆ್ಯಸಿಡ್, ಕಾಸ್ಟಿಕ್ ಸೋಡಾ ಎರಡೂ ಬೇಡ. ರಬ್ಬರನ್ನು, ಯಂತ್ರದೊಳಗಿನ ಲೋಹವನ್ನು ತಿನ್ನುತ್ತವೆ. ಬ್ಲಾಕ್ ಹೋಗದಿದ್ದರೆ ಆಮೇಲೆ ಪೈಪು ಬಿಚ್ಚುವವರ ಕೈ ಸುಡುತ್ತದೆ.

ನಡೆಸುವ ಕ್ರಮ ಹೀಗಿರಲಿ. ಮೊದಲು ತಣ್ಣೀರು ಬಿಡಿ, ಆಮೇಲೆ ಸ್ವಿಚ್, ಆಮೇಲೆ ಒಂದೊಂದೇ ಹಿಡಿ ಹಾಕಿ. ತುಂಬಿಸಿಟ್ಟು ಸ್ವಿಚ್ ಹಾಕಬಾರದು. ಬಿಸಿನೀರಿನಲ್ಲಿ ಜಿಡ್ಡು ಕರಗಿ ಹೋಗಿ ದೂರದಲ್ಲಿ ಹೆಪ್ಪುಗಟ್ಟುತ್ತದೆ, ತಣ್ಣೀರಿನಲ್ಲಿ ಗಟ್ಟಿಯಾಗೇ ಇದ್ದು ಚೂರಾಗಿ ಹೋಗುತ್ತದೆ. ಸದ್ದು ನಿಂತ ಮೇಲೆ ಸ್ವಿಚ್ ತೆಗೆದು ಮತ್ತೂ ಅರ್ಧ ನಿಮಿಷ ನೀರು ಬಿಡಿ. ನಳ್ಳಿ ಸಾಕೋ ಎಂದು ತಿಳಿಯಲು ಒಂದು ಲೀಟರಿನ ಬಾಟಲಿ ಹಿಡಿಯಿರಿ. 8 ಸೆಕೆಂಡಿನಲ್ಲಿ ತುಂಬಬೇಕು. ತುಂಬದಿದ್ದರೆ ಜಾಲರಿ ಬಿಚ್ಚಿ, ಅಥವಾ ಕೊನೆಗೆ ಸಿಂಕಿನ ಬಾಯಿ ಮುಚ್ಚಿ ನಾಲ್ಕು ಬೆರಳು ನೀರು ನಿಲ್ಲಿಸಿ ಒಮ್ಮೆಲೇ ಬಿಡಿ.

ಒಳಗೆ ಮಿಕ್ಸಿಯ ಹಾಗೆ ಬ್ಲೇಡ್ ಇಲ್ಲ. ತಿರುಗುವ ತಟ್ಟೆಯ ಮೇಲಿನ ಎರಡು ಮೊಂಡು ಲೋಹದ ತುಂಡುಗಳು ಕಸವನ್ನು ಸುತ್ತಲಿನ ಹಲ್ಲಿನ ಉಂಗುರಕ್ಕೆ ಬಡಿಯುತ್ತವೆ, ಅಷ್ಟೆ. ಆದ್ದರಿಂದ ನಾರು ಕತ್ತರಿಸಿ ಹೋಗುವುದಿಲ್ಲ, ಸುತ್ತಿಕೊಳ್ಳುತ್ತದೆ. ಬಾಳೆದಿಂಡು, ನುಗ್ಗೆಕಾಯಿ ಚರಟ, ಕೆಸುವಿನ ದಂಟು, ತೆಂಗಿನ ನಾರು ಹಾಕಲೇಬೇಡಿ. ಚಿಪ್ಪು, ಮರುವಾಯಿ (ಚಿಪ್ಪುಮೀನು), ಮಾವಿನ ಗೊರಟು ಕೂಡ. ಹಲಸಿನದ್ದು ಒಂದು ಚೂರೂ ಬೇಡ. ಅದರ ಮೇಣ ನೀರಿಗೆ ಬಿಡುವುದಿಲ್ಲ. ಹೋಗಿಬಿಟ್ಟಿದ್ದರೆ ಕರೆಂಟಿನ ಪ್ಲಗ್ ತೆಗೆದು, ತೆಂಗಿನೆಣ್ಣೆ ಹಚ್ಚಿದ ಬಟ್ಟೆಯನ್ನು ಕೋಲಿನ ತುದಿಗೆ ಸುತ್ತಿ ಒರೆಸಿ.

ಮಂಜುಗಡ್ಡೆ ಹಾಕಿದರೆ ಬ್ಲೇಡ್ ಹರಿತವಾಗುತ್ತದೆ ಎಂಬ ಮಾತು ಸುಳ್ಳು. ಒಂದು ಹಿಡಿ ಮಂಜುಗಡ್ಡೆ, ಒಂದು ಮುಷ್ಟಿ ಕಲ್ಲುಪ್ಪು ಹಾಕಿ ನಡೆಸಿದರೆ ಒಳಗಿನ ಜಿಡ್ಡು ಉಜ್ಜಿ ಹೋಗುತ್ತದೆ, ವಾರಕ್ಕೊಮ್ಮೆ ಸಾಕು. ವಾಸನೆ ಹೆಚ್ಚಾಗಿ ಬರುವುದು ಬಾಯಿಯಲ್ಲಿರುವ ರಬ್ಬರ್ ಪದರದ ಅಡಿಭಾಗದಿಂದ. ಪ್ಲಗ್ ತೆಗೆದು ಹಳೆ ಹಲ್ಲುಜ್ಜುವ ಬ್ರಶ್ಶಿಗೆ ಪಾತ್ರೆ ಸೋಪು ಹಾಕಿ ಅದನ್ನು ತಿಕ್ಕಿ.

ಗುಂಯ್ ಎಂದು ಸದ್ದು ಬಂದು ತಿರುಗದಿದ್ದರೆ ಆ ಕ್ಷಣವೇ ಸ್ವಿಚ್ ತೆಗೆಯಿರಿ, ಪ್ಲಗ್ಗೂ ಕೀಳಿ. ಹೆಚ್ಚಿನ ಯಂತ್ರಗಳ ತಳದ ನಡುವೆ ಕಾಲಿಂಚಿನ ಅಲನ್ ಕೀ (ಆರು ಮೂಲೆಯ ಬಗ್ಗಿದ ಕೀಲಿ) ಹಿಡಿಯುವ ತೂತು ಇರುತ್ತದೆ. ಕೀ ಸಿಕ್ಕಿಸಿ ಎರಡೂ ಕಡೆಗೆ ತಿರುಗಿಸಿ ಸಡಿಲ ಮಾಡಿ, ಟಾರ್ಚ್ ಬಿಟ್ಟು ನೋಡಿ ಸಿಕ್ಕಿಕೊಂಡದ್ದನ್ನು ಇಕ್ಕಳದಲ್ಲಿ ತೆಗೆಯಿರಿ. ಹತ್ತು ನಿಮಿಷ ತಣಿಯಲು ಬಿಟ್ಟು ತಳದ ಕೆಂಪು ಬಟನ್ ಒತ್ತಿ. ಮಳೆಗಾಲದಲ್ಲಿ ಅರೆಯುವಾಗಲೇ ಕರೆಂಟು ಹೋದರೆ ಸ್ವಿಚ್ ತೆಗೆದಿಡಿ. ಕರೆಂಟು ಬಂದ ಕೂಡಲೇ ಅದು ತಾನಾಗಿ ತಿರುಗುತ್ತದೆ, ಆಗ ಕೈ ಒಳಗಿರಬಾರದು.

ಇನ್ನೊಂದು ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮಸೇನೆಯವರು ಪ್ಲಾಸ್ಟಿಕ್ ಮಾತ್ರ ಒಯ್ಯುತ್ತಾರೆ, ಹಸಿಕಸಕ್ಕೆ ಇದೇ ದಾರಿ ಎಂದು ಬರೆದಿದ್ದೀರಿ. ಹಿತ್ತಿಲಿನಲ್ಲಿ ನಾಲ್ಕು ತೆಂಗಿನಮರ ಇವೆ ಎಂದೂ ಬರೆದಿದ್ದೀರಿ. ಹಾಗಾದರೆ ಕಸದ ಮುಕ್ಕಾಲು ಪಾಲು ಸಿಂಕಿಗೆ ಹೋಗಬಾರದು. ನಮ್ಮ ಪೇಟೆಯ ಸಿಪಿಸಿಆರ್‌ಐಯವರು (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ತೆಂಗಿಗೆ ಗೊಬ್ಬರ ಹಾಕಲು ಹೇಳುವುದು ಬುಡದಿಂದ 1.8 ಮೀಟರಿನೊಳಗಿನ ಪಾತಿಗೆ. ಸಿಪ್ಪೆ, ದಿಂಡು, ಹಲಸಿನ ರೇಚೆ (ತಿನ್ನದೆ ಉಳಿದ ಭಾಗ) ಎಲ್ಲ ಅಲ್ಲಿಗೆ, ಮೇಲೆ ತರಗೆಲೆ. ಮೀನಿನದ್ದಾದರೆ ಒಂದು ಮೊಳ ಆಳದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಇಲ್ಲದಿದ್ದರೆ ನಾಯಿ ಕೆದಕುತ್ತದೆ. ಡಿಸ್ಪೋಸರಿಗೆ ಬಟ್ಟಲಿನಲ್ಲಿ ಉಳಿದ ಒಂದಿಷ್ಟು ಅನ್ನ, ಹೋಳು ಸಾಕು.

ಸಿಂಕಿನ ನೀರು ಎಲ್ಲಿಗೆ ಹೋಗುತ್ತದೆ ಎಂದೂ ಹೊರಗೆ ಹೋಗಿ ನೋಡಿ. ಸೆಪ್ಟಿಕ್ ಟ್ಯಾಂಕಿಗಾದರೆ ಹೂಳು ಬೇಗ ತುಂಬುತ್ತದೆ, ಮೊದಲಿಗಿಂತ ಬೇಗ ಬೇಗ ತೆಗೆಸಬೇಕಾಗುತ್ತದೆ. ನೇರ ಇಂಗುಗುಂಡಿಗಾದರೆ ಅರೆದ ಹಿಟ್ಟು ಗುಂಡಿಯ ಗೋಡೆಯ ಸಂದುಗಳನ್ನು ಮೆತ್ತಿಬಿಡುತ್ತದೆ. ಜೂನ್, ಜುಲೈಯಲ್ಲಿ ಸುತ್ತಲಿನ ನೆಲವೂ ನೀರು ಕುಡಿದು ನಿಂತಿರುವಾಗ ಗುಂಡಿಯ ನೀರು ಇಂಗಲು ಜಾಗವೇ ಇರುವುದಿಲ್ಲ. ಅಂಥ ಮನೆಯಲ್ಲಿ ಮಳೆಗಾಲ ಮುಗಿಯುವ ತನಕ ಡಿಸ್ಪೋಸರಿನ ಪ್ಲಗ್ ತೆಗೆದಿಡಿ.