ಟಿಎಸ್‌ಎಚ್ ಹೆಚ್ಚಿದ್ದರೆ ಥೈರಾಯ್ಡ್ ಕಡಿಮೆ ಎನ್ನುವುದೇಕೆ?

ಅಂಕೋಲೆಯಲ್ಲಿರುವ ನಿಮ್ಮ ತಾಯಿಯವರ ವರದಿಯಲ್ಲಿ ಟಿಎಸ್‌ಎಚ್ 14 ಎಂದಿದ್ದರೂ ವೈದ್ಯರು ಥೈರಾಯ್ಡ್ ಕಡಿಮೆಯಿದೆ ಎಂದದ್ದೇಕೆ, ಅದೂ ದಿನವೂ ಸಮುದ್ರದ ಮೀನು ಉಣ್ಣುವವರಿಗೆ ಹೀಗಾಗುವುದುಂಟೇ ಎಂದು ಕೇಳಿದ್ದೀರಿ.

ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯಲ್ಲಿ ಹುಟ್ಟುವ ಹಾರ್ಮೋನಲ್ಲ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯು ಕುತ್ತಿಗೆಯಲ್ಲಿರುವ ಥೈರಾಯ್ಡಿಗೆ ಕಳುಹಿಸುವ ಆಜ್ಞೆ ಅದು. ಥೈರಾಯ್ಡ್ ತಯಾರಿಸುವ ಹಾರ್ಮೋನಾದ ಟಿ4 ರಕ್ತದಲ್ಲಿ ಇಳಿದಾಗ ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಟಿಆರ್‌ಎಚ್ ಎಂಬ ಹಾರ್ಮೋನು ಸ್ರವಿಸಿ ಪಿಟ್ಯುಟರಿಯನ್ನು ಪ್ರಚೋದಿಸುತ್ತದೆ, ಪಿಟ್ಯುಟರಿ ಟಿಎಸ್‌ಎಚ್ ಹೆಚ್ಚಿಸುತ್ತದೆ, ಮತ್ತು ಥೈರಾಯ್ಡ್ ಸ್ಪಂದಿಸದಷ್ಟೂ ಆ ಒತ್ತಾಯ ಏರುತ್ತಲೇ ಹೋಗುತ್ತದೆ. ಟಿ4 ಸಾಕಷ್ಟಾದರೆ ಅದೇ ಟಿ4 ಮಿದುಳಿನ ಈ ಎರಡೂ ಕಡೆ ಸ್ರಾವವನ್ನು ತಗ್ಗಿಸುತ್ತದೆ. ಎಷ್ಟು ಅಚ್ಚುಕಟ್ಟಾದ ಏರ್ಪಾಡು!

ಮೀನಿನ ಅಯೋಡಿನ್ ಟಿ4 ತಯಾರಿಕೆಗೆ ಕೇವಲ ಕಚ್ಚಾವಸ್ತು. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಹಾಳುಗೆಡವುವ ಹಾಶಿಮೊಟೊ ಕಾಯಿಲೆಯಲ್ಲಿ ಅಯೋಡಿನ್ ಇದ್ದೂ ಪ್ರಯೋಜನವಾಗದು; ಈ ಕಾಯಿಲೆಯ ಸುಳಿವು ಕೊಡುವ ಟಿಪಿಒ ಪ್ರತಿಕಾಯದ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಶಿರಸಿಯಲ್ಲಿ ನಮ್ಮ ಆಯಿ ಟಿ4 ಇರುವ ಥೈರಾಯ್ಡ್ ಮಾತ್ರೆ ನುಂಗಿದ ಬೆನ್ನಿಗೇ ಹಾಲು ಹಾಕಿದ ಕಷಾಯ ಕುಡಿಯುತ್ತಿದ್ದರು. ಹಾಲಿನ ಕ್ಯಾಲ್ಸಿಯಂ ಔಷಧವನ್ನು ಸರಿಯಾಗಿ ಹೀರಿಕೊಳ್ಳಗೊಡುವುದಿಲ್ಲವೆಂದು ತಿಳಿದ ಮೇಲೆ ಒಂದು ತಾಸು ಕಾಯತೊಡಗಿದರು. ಟಿ4ರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 7 ದಿನಗಳಾದ್ದರಿಂದ ಅದರ ಮಟ್ಟ ನಿಧಾನವಾಗಿ ಸ್ಥಿರವಾಗುತ್ತದೆ; ಹಾಗಾಗಿ ಮಾತ್ರೆ ಆರಂಭಿಸಿದ 6ರಿಂದ 8 ವಾರಗಳ ನಂತರವೇ ಮರುಪರೀಕ್ಷೆ ಮಾಡಿಸಿ.