ಹೋದ ವರ್ಷ 70, ಈ ವರ್ಷ 63: ನಿಜಕ್ಕೂ ಇಳಿದಿದೆಯೇ?

ಓದುಗರ ಪತ್ರ: ಐದನೇ ತರಗತಿಯ ಮಗಳಿಗೆ ಶಾಲೆಯವರು ಪ್ರಮಾಣಿತ ಪರೀಕ್ಷೆ ಬರೆಸಿದ್ದಾರೆ. ಗಣಿತದಲ್ಲಿ ಹೋದ ವರ್ಷ 70 ಪರ್ಸೆಂಟೈಲ್ ಇದ್ದದ್ದು ಈ ಸಲ 63ಕ್ಕೆ ಬಂದಿದೆ. ತರಗತಿ ಪರೀಕ್ಷೆಗಳಲ್ಲಿ ಅವಳಿಗೆ 85ಕ್ಕಿಂತ ಕಡಿಮೆ ಬಂದದ್ದೇ ಇಲ್ಲ. ಓದಿನಲ್ಲಿ ‘ತರಗತಿ ಸಮಾನ ಅಂಕ 7.3’ ಎಂದಿದೆ. ಹಾಗಾದರೆ ಏಳನೇ ತರಗತಿಗೆ ಕೂರಿಸಬಹುದೇ? ಪೋಷಕರ ಅಭಿಪ್ರಾಯದ ಹಾಳೆಯನ್ನೂ ಕೊಟ್ಟಿದ್ದಾರೆ. ಏನು ಬರೆಯಬೇಕೋ ತೋಚದೆ ಹಾಗೇ ಇಟ್ಟಿದ್ದೇನೆ.

ಸಂಪಾದಕರ ಉತ್ತರ: ಪತ್ರದ ಜೊತೆ ವರದಿಯ ಪ್ರತಿಯನ್ನೂ ಕಳಿಸಿದ್ದು ಒಳ್ಳೆಯದಾಯಿತು. ನಿಮ್ಮ ಆತಂಕಕ್ಕೆ ಉತ್ತರ ಅದೇ ಹಾಳೆಯಲ್ಲಿದೆ, ಸಣ್ಣ ಅಕ್ಷರದಲ್ಲಿ.

ಮೊದಲು 63ರ ಅರ್ಥ ನೋಡೋಣ. ಇದು ಶೇಕಡಾ ಅಂಕವಲ್ಲ. ಈ ಪರೀಕ್ಷೆಯನ್ನು ಐದನೇ ತರಗತಿ ಮಕ್ಕಳ ಒಂದು ದೊಡ್ಡ ಮಾದರಿ ಗುಂಪಿಗೆ ಮೊದಲೇ ಕೊಟ್ಟಿರುತ್ತಾರೆ. ಆ ಗುಂಪನ್ನು ನೂರು ಮಕ್ಕಳೆಂದುಕೊಂಡರೆ, ನಿಮ್ಮ ಮಗಳು ಸುಮಾರು 63 ಮಕ್ಕಳಿಗಿಂತ ಮುಂದಿದ್ದಾಳೆ. ತರಗತಿ ಪರೀಕ್ಷೆಯ 85ರ ಜೊತೆ ಇದನ್ನು ಹೋಲಿಸಲು ಬರುವುದಿಲ್ಲ. ಅಲ್ಲಿ ಕೇಳುವುದು ಆಗಷ್ಟೇ ಕಲಿಸಿದ ಪಾಠವನ್ನು, ಎಲ್ಲ ಮಕ್ಕಳೂ ಚೆನ್ನಾಗಿ ಬರೆಯಲಿ ಎಂದೇ. ಇಲ್ಲಿ ಮಕ್ಕಳ ನಡುವಿನ ಅಂತರ ಕಾಣಲೆಂದು ಕಷ್ಟದ ಪ್ರಶ್ನೆಗಳನ್ನು ಬೇಕೆಂದೇ ಸೇರಿಸಿರುತ್ತಾರೆ.

ಇನ್ನು 70 ಮತ್ತು 63. ಪಕ್ಕದ ಕಾಲಂನಲ್ಲಿ ಸ್ಟ್ಯಾಂಡರ್ಡ್ ಸ್ಕೋರ್ ಇದೆ: ಹೋದ ವರ್ಷ 108, ಈ ವರ್ಷ 105. ಈ ಅಳತೆಯಲ್ಲಿ ಸರಾಸರಿ 100, ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೇ ಇರುತ್ತಾರೆ. ಅಂದರೆ ವ್ಯತ್ಯಾಸ ಮೂರೇ ಅಂಕ. ವರದಿಯ ಅಡಿಯಲ್ಲಿ ‘ಅಳತೆಯ ದೋಷ: 4’ ಎಂದಿದೆಯಲ್ಲ, ಅದನ್ನು ಬಹುತೇಕ ಪೋಷಕರು ಓದುವುದೇ ಇಲ್ಲ. ಅದೇ ಮಗು ಇಂಥದೇ ಪರೀಕ್ಷೆಯನ್ನು ಮತ್ತೆ ಬರೆದರೆ ಅಂಕ ಸುಮಾರು ಇಷ್ಟು ಹೆಚ್ಚುಕಡಿಮೆ ಆಗಬಹುದು ಎಂದು ಅದರ ಅರ್ಥ. ಎರಡೂ ಕಡೆಗೆ ನಾಲ್ಕು ನಾಲ್ಕು ಅಂಕ ಬಿಟ್ಟುಕೊಂಡರೆ ಈ ವರ್ಷದ್ದು 101ರಿಂದ 109, ಪರ್ಸೆಂಟೈಲ್‌ನಲ್ಲಿ 53ರಿಂದ 73. ಹೋದ ವರ್ಷದ್ದು 61ರಿಂದ 79. ಎರಡು ಪಟ್ಟಿಗಳೂ ಒಂದರ ಮೇಲೊಂದು ಬಂದಿವೆ. ಇಷ್ಟರ ಮೇಲೆ ಮಗು ಹಿಂದೆ ಬಿದ್ದಿದೆ ಎನ್ನಲು ಸಾಧ್ಯವಿಲ್ಲ. ಒಂಬತ್ತು ಮೆಟ್ಟಿಲುಗಳ ಸ್ಟ್ಯಾನೈನ್ ಕಾಲಂ ನೋಡಿ, ಎರಡೂ ವರ್ಷ 6 ಎಂದೇ ಇದೆ.

ಪರ್ಸೆಂಟೈಲ್ ಹೀಗೆ ಹೆದರಿಸುವುದಕ್ಕೆ ಕಾರಣವಿದೆ. ಹೆಚ್ಚಿನ ಮಕ್ಕಳು ನಡುವೆಯೇ ಕಿಕ್ಕಿರಿದಿರುತ್ತಾರೆ. ಸ್ಟ್ಯಾಂಡರ್ಡ್ ಸ್ಕೋರ್ 100ರಿಂದ 104ಕ್ಕೆ ಏರಿದರೆ ಪರ್ಸೆಂಟೈಲ್ 50ರಿಂದ ಸುಮಾರು 61ಕ್ಕೆ ಜಿಗಿಯುತ್ತದೆ. ಅದೇ ನಾಲ್ಕು ಅಂಕ 126ರಿಂದ 130ಕ್ಕೆ ಏರಿದರೆ 96 ಇದ್ದದ್ದು 98 ಆಗುತ್ತದೆ, ಅಷ್ಟೆ. ಇನ್ನೊಂದು ಮಾತು: ಪರ್ಸೆಂಟೈಲ್ ಎರಡು ವರ್ಷ ಒಂದೇ ಇದ್ದರೆ ಮಗು ನಿಂತಲ್ಲೇ ನಿಂತಿದೆ ಎಂದಲ್ಲ. ಓರಗೆಯವರು ಒಂದು ವರ್ಷದಲ್ಲಿ ಕಲಿತಷ್ಟನ್ನೇ ಅವಳೂ ಕಲಿತಿದ್ದಾಳೆ ಎಂದರ್ಥ.

7.3 ನೋಡಿ ದಯವಿಟ್ಟು ಯಾವ ತೀರ್ಮಾನಕ್ಕೂ ಬರಬೇಡಿ. ಏಳನೇ ತರಗತಿಯ ಮೂರನೇ ತಿಂಗಳಲ್ಲಿರುವ ಸಾಧಾರಣ ವಿದ್ಯಾರ್ಥಿ ಇದೇ ಐದನೇ ತರಗತಿಯ ಪ್ರಶ್ನೆಪತ್ರಿಕೆ ಬರೆದರೆ ಎಷ್ಟು ಅಂಕ ಪಡೆಯಬಹುದೋ ಅಷ್ಟನ್ನು ನಿಮ್ಮ ಮಗಳು ಪಡೆದಿದ್ದಾಳೆ. ಏಳನೆಯದರ ಪಾಠ ಆ ಪತ್ರಿಕೆಯಲ್ಲಿ ಇರಲೇ ಇಲ್ಲ. ಅವಳು ಒಳ್ಳೆಯ ಓದುಗಾರ್ತಿ. ಆ ಅಂಕ ಹೇಳುವುದು ಅಷ್ಟನ್ನೇ.

ನನ್ನ ಗಮನ ಹೋದದ್ದು ನೀವು ಕೇಳದೇ ಬಿಟ್ಟ ಸಾಲಿಗೆ. ಗಣಿತದಲ್ಲಿ ಒಟ್ಟು 40 ಪ್ರಶ್ನೆ, ಉತ್ತರಿಸಿದ್ದು 29, ಸರಿಯಾದದ್ದು 26. ಮುಟ್ಟಿದ್ದರಲ್ಲಿ ತಪ್ಪಿದ್ದು ಮೂರೇ, ಮುಟ್ಟದೇ ಬಿಟ್ಟದ್ದು ಹನ್ನೊಂದು. 40ನ್ನೂ ಬರೆದು 26 ಸರಿ ಮಾಡಿದ ಮಗುವಿನ ಕಥೆಯೇ ಬೇರೆ, ಇದು ಬೇರೆ. ಬಿಟ್ಟ ಪ್ರಶ್ನೆಗಳು ಕೊನೆಯಲ್ಲಿ ಸಾಲಾಗಿದ್ದರೆ ಸಮಯ ಸಾಕಾಗಿಲ್ಲ. ಅಲ್ಲಲ್ಲಿ ಚದುರಿದ್ದರೆ ಅವು ಯಾವ ಬಗೆಯವು ಎಂದು ನೋಡಬೇಕು. ಉದ್ದನೆಯ ವಾಕ್ಯದ ಲೆಕ್ಕಗಳನ್ನು ಹಾರಿಸಿರಬಹುದು, ತಪ್ಪಾದೀತೆಂಬ ಭಯವೂ ಇರಬಹುದು. ‘ಭಿನ್ನರಾಶಿ: ಶೇ 50’ ಎಂಬುದಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿದ್ದದ್ದು ಆರೇ ಪ್ರಶ್ನೆ. ಇನ್ನೊಂದು ಸರಿಯಾಗಿದ್ದರೆ ಅದೇ ಶೇ 67 ಆಗುತ್ತಿತ್ತು.

ಅಭಿಪ್ರಾಯದ ಹಾಳೆಯನ್ನು ಈ ವಾರವೇ ಕೊಡಿ. ತಡವಾದರೆ ಶಿಕ್ಷಕರು ಮುಂದಿನ ಪಾಠಕ್ಕೆ ಹೋಗಿರುತ್ತಾರೆ. ‘ಯಾಕೆ ಇಳಿಯಿತು?’ ಎಂದು ಬರೆದರೆ ಶಿಕ್ಷಕರು ಸಮರ್ಥನೆಗೆ ನಿಲ್ಲುತ್ತಾರೆ, ನಿಮಗೆ ಮಾಹಿತಿ ಸಿಗುವುದಿಲ್ಲ. ‘ತೃಪ್ತಿಕರ’ ಎಂದು ಬರೆದರೆ ಹಾಳೆ ಫೈಲಿಗೆ ಹೋಗುತ್ತದೆ. ನಾಲ್ಕೈದು ಸಾಲು ಸಾಕು. ಹೀಗೆ ಬರೆಯಬಹುದು:

“ಗಣಿತದಲ್ಲಿ 11 ಪ್ರಶ್ನೆ ಬಿಟ್ಟಿದ್ದಾಳೆ. ಅವು ಕೊನೆಯವೇ, ನಡುನಡುವಿನವೇ? ಮನೆಯಲ್ಲಿ ಅಂಕಿಗಳಲ್ಲಿ ಕೊಟ್ಟ ಲೆಕ್ಕ ತಾನೇ ಮಾಡುತ್ತಾಳೆ, ವಾಕ್ಯದ ಲೆಕ್ಕಕ್ಕೆ ಎರಡು ಸಲ ಓದಿಸಬೇಕಾಗುತ್ತದೆ. ತರಗತಿಯಲ್ಲೂ ಹೀಗೆಯೇ ಇದೆಯೇ? ಪರೀಕ್ಷೆಯಲ್ಲಿ ಬಂದು, ಇನ್ನೂ ಕಲಿಸಿರದ ವಿಷಯಗಳಿದ್ದವೇ? ವರದಿಯಲ್ಲಿ ‘ಅಳತೆಯ ದೋಷ’ ನಮಗೆ ಅರ್ಥವಾಗಲಿಲ್ಲ. ಮುಂದಿನ ಸಲ ಒಂದು ಸಾಲು ವಿವರಣೆ ಕೊಡಿ.”

‘ಮನೆಯಲ್ಲಿ’ ಎಂದು ಶುರುವಾಗುವ ವಾಕ್ಯವನ್ನು ನೀವು ಕಂಡದ್ದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಆಕೆಯ ಲೆಕ್ಕದ ಪುಸ್ತಕದ ಒಂದೆರಡು ಪುಟಗಳ ಪ್ರತಿಯನ್ನೂ ಲಗತ್ತಿಸಿ. ಕೊನೆಯ ಸಾಲನ್ನು ಸಂಕೋಚವಿಲ್ಲದೆ ಬರೆಯಿರಿ. ಅರ್ಥವಾಗದ ಭಾಗ ಯಾವುದೆಂದು ಪೋಷಕರು ತಿಳಿಸದಿದ್ದರೆ ವರದಿಯ ನಮೂನೆ ಬದಲಾಗುವುದಿಲ್ಲ.

ಮಗಳಿಗೆ 63 ಎಂಬ ಅಂಕಿಯನ್ನು ಹೇಳಬೇಡಿ. “ಮುಟ್ಟಿದ ಲೆಕ್ಕಗಳಲ್ಲಿ ಹೆಚ್ಚಿನವು ಸರಿ ಬಂದಿವೆ, ಕೆಲವನ್ನು ಯಾಕೆ ಬಿಟ್ಟೆ ಮಗಾ?” ಎಂದು ಕೇಳಿ. ಅವಳು ಹೇಳುವ ಉತ್ತರವನ್ನೂ ಆ ಹಾಳೆಯಲ್ಲಿ ಸೇರಿಸಿ.