ಐಪಿಟೇಬಲ್ಸ್‌ನಲ್ಲಿ ಪೋರ್ಟ್ ಮುಚ್ಚಿದರೂ ಹೊರಗಿನವರು ಬರುವುದೇಕೆ?

ಪ್ರಶ್ನೆ: ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್‌ನಲ್ಲಿ ಹಳೆಯ, ಹೊಸ ಇಂಟರ್ನೆಟ್ ವಿಳಾಸ ಪದ್ಧತಿಗಳಾದ ಐಪಿವಿ4, ಐಪಿವಿ6 ಎರಡೂ ಇವೆ. ಲಿನಕ್ಸ್ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ಪೋಸ್ಟ್‌ಗ್ರೆಸ್‌ನ 5432 ಪೋರ್ಟ್ ಮುಚ್ಚಿದ್ದೇವೆ. ಆದರೂ ಲಾಗ್‌ನಲ್ಲಿ ಹೊರಗಿನವರ ಲಾಗಿನ್ ಪ್ರಯತ್ನಗಳು ಕಾಣುತ್ತಿವೆ.

ಉತ್ತರ: ಇದನ್ನು ಎಷ್ಟು ಸಲ ಬರೆದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಐಪಿಟೇಬಲ್ಸ್ ನೋಡಿಕೊಳ್ಳುವುದು ಐಪಿವಿ4 ಮಾತ್ರ. ಐಪಿವಿ6ಗೆ ಐಪಿ6ಟೇಬಲ್ಸ್ ಬೇರೆ ಇದೆ, ಅದರಲ್ಲಿ ನೀವು ಏನೂ ಬರೆದಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಯಿತು. ಒಳಗಿನ ಯಂತ್ರಗಳನ್ನು ಒಂದು ಸಾರ್ವಜನಿಕ ವಿಳಾಸದ ಮರೆಯಲ್ಲಿಡುವ ನ್ಯಾಟ್ ಹಿಂದಿದ್ದೇವೆ ಎಂಬ ಧೈರ್ಯವೂ ಬೇಡ. ರೂಟರ್ ಸಾರಿದ ಪ್ರಿಫಿಕ್ಸ್ (ವಿಳಾಸದ ಮೊದಲ ಭಾಗ) ಹಿಡಿದು ಸರ್ವರ್ ತಾನಾಗಿಯೇ ಸಾರ್ವಜನಿಕ ಐಪಿವಿ6 ವಿಳಾಸ ಕಟ್ಟಿಕೊಳ್ಳುತ್ತದೆ. 2 ಅಥವಾ 3ರಿಂದ ಶುರುವಾಗುವ ವಿಳಾಸ ಇದೆಯೇ ನೋಡಿ.

ತೆರೆದ ಪೋರ್ಟ್‌ಗಳನ್ನು ತೋರಿಸುವ ಎಸ್‌ಎಸ್ ಕಮಾಂಡ್‌ನಲ್ಲಿ [::]:5432 ಕಂಡರೆ ಎಲ್ಲ ಐಪಿವಿ6 ವಿಳಾಸಗಳಲ್ಲೂ ಪೋರ್ಟ್ ತೆರೆದಿದೆ ಎಂದರ್ಥ, ಅದು ಪೋಸ್ಟ್‌ಗ್ರೆಸ್‌ನ ಲಿಸನ್ ಅಡ್ರೆಸಸ್ ಸೆಟ್ಟಿಂಗ್‌ಗೆ ನಕ್ಷತ್ರ (*) ಅಥವಾ :: ಹಾಕಿದ್ದರ ಫಲ. ಅಲ್ಲಿ ಒಳಗಿನ ವಿಳಾಸಗಳನ್ನಷ್ಟೇ ಬರೆದು ರೀಸ್ಟಾರ್ಟ್ ಮಾಡಿ, ರೀಲೋಡ್ ಸಾಲದು. ಯಾರು ಎಲ್ಲಿಂದ ಲಾಗಿನ್ ಆಗಬಹುದೆಂದು ಹೇಳುವ ಪಿಜಿ-ಎಚ್‌ಬಿಎ ಫೈಲ್‌ನಲ್ಲಿ 127.0.0.1/32 ಸಾಲು ಅದರ ಐಪಿವಿ6 ರೂಪವಾದ ::1/128ಗೆ ಅನ್ವಯಿಸುವುದಿಲ್ಲ. ವಿಳಾಸದ ಜಾಗದಲ್ಲಿ ‘ಆಲ್’ ಎಂದಿದ್ದರೆ ಎರಡಕ್ಕೂ ಅನ್ವಯ, ಅದನ್ನು ಮೊದಲು ಅಳಿಸಿ. ಫೈರ್‌ವಾಲ್‌ಗೆ ಐಪಿಟೇಬಲ್ಸ್ ಬದಲು ಬಂದ ಎನ್‌ಎಫ್‌ಟೇಬಲ್ಸ್‌ನ ‘ಐನೆಟ್’ ಟೇಬಲ್ ಬಳಸಿದರೆ ಒಂದೇ ನಿಯಮ ಎರಡನ್ನೂ ಕಾಯುತ್ತದೆ.

ಗಾಬರಿಯಲ್ಲಿ ಐಸಿಎಂಪಿವಿ6 (ಐಪಿವಿ6ನ ದೋಷ, ಸೂಚನೆಗಳ ಸಂದೇಶಗಳು) ಪೂರ್ತಿ ತಡೆಯಬೇಡಿ. ಐಪಿವಿ6ನಲ್ಲಿ ದಾರಿಯ ರೂಟರ್‌ಗಳು ಪ್ಯಾಕೆಟ್ ಒಡೆಯುವುದಿಲ್ಲ, ‘ಪ್ಯಾಕೆಟ್ ದೊಡ್ಡದಾಯಿತು’ ಎಂದು ತಿಳಿಸುತ್ತವೆ. ಆ ಸಂದೇಶ ನಿಮಗೆ ಮುಟ್ಟದಿದ್ದರೆ ಲಾಗಿನ್ ಆಗುತ್ತದೆ, ಸಣ್ಣ ಕ್ವೆರಿಗೆ ಉತ್ತರವೂ ಬರುತ್ತದೆ, ಸಾವಿರ ಸಾಲಿನ ರಿಸಲ್ಟ್ ಮಾತ್ರ ಅರ್ಧಕ್ಕೇ ನಿಂತುಬಿಡುತ್ತದೆ. ತಪ್ಪು ಎಲ್ಲಿದೆಯೆಂದು ಡೇಟಾಬೇಸ್ ಲಾಗ್‌ನಲ್ಲಿ ಹುಡುಕಿ ರಾತ್ರಿ ಕಳೆಯುತ್ತೀರಿ.

ಕೊನೆಗೆ ಐಪಿವಿ6 ಇರುವ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಸರ್ವರ್‌ನ ಐಪಿವಿ6 ವಿಳಾಸವನ್ನೇ ಕೊಟ್ಟು ಹೊರಗಿನಿಂದ ಕನೆಕ್ಟ್ ಮಾಡಲು ನೋಡಿ. ಒಳಗೆ ಕೂತು ಮಾಡಿದ ಪರೀಕ್ಷೆಯನ್ನು ನಾನು ನಂಬುವುದಿಲ್ಲ.

ಪ್ರಶ್ನೆ: ಐಪಿವಿ6 ವಿಳಾಸಗಳು ಲೆಕ್ಕವಿಲ್ಲದಷ್ಟಿವೆ, ನಮ್ಮ ಸರ್ವರ್ ಯಾರಿಗೂ ಸಿಗುವುದಿಲ್ಲವಂತೆ?

ಉತ್ತರ: ಹಾಗೆ ಹೇಳಿಕೊಡುವ ವಿಡಿಯೊ ಗುರುಗಳಿಂದ ದೂರವಿರಿ. ಹೆಸರಿನಿಂದ ವಿಳಾಸ ಹೇಳುವ ಡಿಎನ್‌ಎಸ್‌ನಲ್ಲಿ ನಿಮ್ಮ ಸರ್ವರ್‌ನ ಹೆಸರಿದ್ದರೆ ವಿಳಾಸ ಊಹಿಸಬೇಕಾದ ಅಗತ್ಯವೇ ಇಲ್ಲ.

ಪ್ರಶ್ನೆ: ಐಪಿವಿ6 ಆಫ್ ಮಾಡಿದರೆ ಕ್ವೆರಿ ವೇಗ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಟೇಬಲ್‌ಗೆ ಸರಿಯಾದ ಇಂಡೆಕ್ಸ್ ಇದೆಯೇ ನೋಡಿ.

ಪ್ರಶ್ನೆ: ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್‌ಗೆ ಲೋಕಲ್‌ಹೋಸ್ಟ್, 127.0.0.1 ಎರಡೂ ಒಂದೇ ಅಲ್ಲವೇ?

ಉತ್ತರ: ಅಲ್ಲ. ಮೊದಲನೆಯದು ಅದೇ ಯಂತ್ರದೊಳಗಿನ ಯುನಿಕ್ಸ್ ಸಾಕೆಟ್, ಎರಡನೆಯದು ನೆಟ್‌ವರ್ಕ್‌ನ ಟಿಸಿಪಿ.

ಪ್ರಶ್ನೆ: ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಟಿಸಿಪಿ ಜೊತೆ ನೇಮ್ಡ್ ಪೈಪ್ಸ್ (ಸಂಪರ್ಕದ ಇನ್ನೊಂದು ವಿಧಾನ) ಕೂಡ ಆನ್ ಇಡಬೇಕೇ?

ಉತ್ತರ: ಯಾವುದೋ ಹಳೆಯ ಸಾಫ್ಟ್‌ವೇರ್ ಅದನ್ನೇ ಕೇಳದಿದ್ದರೆ ಬೇಡ.